ನಮ್ಮತ್ತೆಯ ಹೆಸರಿನಲ್ಲಿ ಇನ್ನೊಬ್ಬಳು

ಹೊಸಬರ ಎದುರಿಗೆ ನಿಂತಾಗಲೆಲ್ಲ ನಮ್ಮತ್ತೆ ಹೆಬ್ಬೆಟ್ಟನ್ನು ಉಳಿದ ನಾಲ್ಕು ಬೆರಳಿನೊಳಕ್ಕೆ ಮಡಿಸಿ ಮುಷ್ಟಿ ಕಟ್ಟಿಕೊಳ್ಳುತ್ತಿದ್ದಳು. ಗೆಣ್ಣು ಗೆಣ್ಣೂ ಗಂಟಾಗಿದ್ದ ಕಪ್ಪನೆಯ ಕೈ. ನೋಡಿದವರಿಗೆ ಹೊಡೆಯಲು ಬಂದಳೇನೋ ಅನ್ನಿಸಬೇಕು. ಹೊಡೆಯುವುದಕ್ಕಲ್ಲ. ಯಾರಾದರೂ ಆ ಬೆರಳನ್ನು ಹಿಡಿದು ಮಸಿ ಬಳಿದು ಕಾಗದಕ್ಕೆ ಒತ್ತಿಸಿಕೊಂಡಾರು ಎಂಬ ಅಂಜಿಕೆ. ಹುಲಿಗೆ ಹೆದರದ ಹೆಂಗಸು ಕಾಗದಕ್ಕೆ ಹೆದರುತ್ತಿದ್ದಳು. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅತ್ತೆಯನ್ನು 'ಅವರು' ಎಂದು ಬರೆಯಬೇಕಂತೆ. ಮೊಮ್ಮಗಳು ತಿದ್ದಿದಳು, ನಾನು ಕೇಳಲಿಲ್ಲ. ಬಹುವಚನ ಹಾಕಿದರೆ ಅವಳು ಯಾರೋ ಮೇಷ್ಟರ ಹೆಂಡತಿಯ ಹಾಗೆ ಕಾಣುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ನನಗೆ ಬಂದ ಹಾಗೆ ಬರೆಯುತ್ತೇನೆ.

ಮಳವಳ್ಳಿ ಕಡೆಯ ಪೂರಿಗಾಲಿಯ ಪಕ್ಕದ ಒಂದು ಹಳ್ಳಿಗೆ ನಾನು ಸೊಸೆಯಾಗಿ ಬಂದದ್ದು ದೊಡ್ಡ ಯುದ್ಧ ಶುರುವಾದ ವರ್ಷ. ಆಗಲೇ ಮಾವ ಇರಲಿಲ್ಲ. ನಮ್ಮ ಕಡೆಗೆ ನಾಲೆ ನೀರು ಬಂತಲ್ಲ, ನೀರಿನ ಹಿಂದೆ ಸೊಳ್ಳೆ ಬಂತು, ಸೊಳ್ಳೆಯ ಹಿಂದೆ ಚಳಿಜ್ವರ ಬಂತು. ಆ ಜ್ವರಕ್ಕೆ ಹೋದ ಗಂಡಸರಲ್ಲಿ ನಮ್ಮ ಮಾವನೂ ಒಬ್ಬ.

ಅತ್ತೆಗೆ ಅಂತ ಒಂದು ಹೊಲವಿತ್ತು. ಅವಳಪ್ಪ ಅರಿಶಿನ ಕುಂಕುಮಕ್ಕೆಂದು ಮಗಳ ಹೆಸರಿಗೇ ಬರೆದುಕೊಟ್ಟದ್ದು. ಕೊಟ್ಟಾಗ ಅದು ಬರೀ ಕಲ್ಲು. ಹುರುಳಿ ಬಿಟ್ಟರೆ ಇನ್ನೇನೂ ಬಾರದು. "ಅಳಿಯಂಗೆ ಕಲ್ಲು ಹೊರಾ ಕೆಲ್ಸ ಕೊಟ್ಟವ್ನೆ ಕಣ್ಲಾ" ಎಂದು ಊರವರು ನಗುತ್ತಿದ್ದರಂತೆ. ಗಂಡ ಹೆಂಡತಿ ಇಬ್ಬರೇ ಆ ಕಲ್ಲನ್ನೆಲ್ಲ ಆಯ್ದು ಬದುವಿಗೆ ಹಾಕಿದರು. ಆಮೇಲೆ ನೋಡಿದರೆ ನಾಲೆ ಬಂದು ಆ ಹೊಲದ ಮಗ್ಗುಲಲ್ಲೇ ಹರಿಯಿತು. ನಕ್ಕವರ ಬಾಯಿ ಮುಚ್ಚಿತು, ಕಣ್ಣು ತೆರೆಯಿತು. ಎಲ್ಲರಿಗಿಂತ ಅಗಲವಾಗಿ ತೆರೆದದ್ದು ಮಾವನ ಅಣ್ಣನ ಕಣ್ಣು. ಅವನನ್ನು ನಾವು ದೊಡ್ಡಮಾವ ಎನ್ನುತ್ತಿದ್ದೆವು.

ಮಾವ ಸಾಯುವ ಮುಂಚೆ "ಆ ಹೊಂಗೆ ಮರದ ಬುಡದಲ್ಲಿ ಮಡಗ್ರಲಾ ನನ್ನ" ಎಂದಿದ್ದನಂತೆ. ಹಾಗೇ ಹೊಲದ ಮೂಲೆಯ ಹೊಂಗೆಯ ಕೆಳಗೆ ಹೂಳಿದ್ದರು. ಅತ್ತೆಗೆ ಆ ಹೊಲವೆಂದರೆ ಭತ್ತವಲ್ಲ, ಕಬ್ಬಲ್ಲ, ಆ ಹೊಂಗೆಯ ಬುಡ. ಕಳೆ ಕೀಳುವಾಗ ಮಧ್ಯೆ ಎದ್ದು ಹೋಗಿ ಅಲ್ಲಿ ಕೂತು ಒಂದು ಎಲೆ ಅಡಿಕೆ ಹಾಕಿಕೊಂಡು, ಒಂದು ಚೂರು ಹೊಗೆಸೊಪ್ಪನ್ನು ಮಣ್ಣಿನ ಮೇಲಿಟ್ಟು ಬರುತ್ತಿದ್ದಳು. ಅಳುತ್ತಿರಲಿಲ್ಲ. "ಕೇಳ್ತಾ? ಕರಿ ಎಮ್ಮೆ ಈದದೆ" ಎಂದು ಮನೆ ಸುದ್ದಿ ಹೇಳಿ ಎದ್ದುಬಿಡುತ್ತಿದ್ದಳು. ಆ ಹೊಲ ಬೇರೆಯವರ ಕೈಗೆ ಹೋದರೆ ಮರ ಕಡಿದು, ಗುಡ್ಡೆ ಸಮ ಮಾಡಿ, ನೇಗಿಲು ಹೂಡುತ್ತಾರೆ. ಅವಳಿಗೆ ಇದ್ದ ದಿಗಿಲು ಅದೊಂದೇ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ಮುತ್ತತ್ತಿಯ ದೇವರಿಗೆ ಹರಕೆ ಹೊತ್ತು ಹುಟ್ಟಿದ ಮಗನೆಂದು ಮಾವನಿಗೆ ಮುತ್ತಯ್ಯ ಎಂದು ಹೆಸರಿಟ್ಟಿದ್ದರು. ಸೊಸೆಯಾದ ನಾನೂ ಈ ಹೆಸರು ಹೇಳುವ ಹಾಗಿರಲಿಲ್ಲ. ಈಗ ಬೈಯುವವರು ಯಾರೂ ಉಳಿದಿಲ್ಲ, ಬರೆದುಬಿಟ್ಟೆ. ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮ ಕಡೆ ಎಲ್ಲ ಹೆಂಗಸರೂ ನಂಬಿದ್ದೆವು. ನಮ್ಮತ್ತೆ ಒಂದು ಕೈ ಮೇಲು. ಗಂಡನ ಹೆಸರಿನ ಹತ್ತಿರ ಸುಳಿಯುವ ಮಾತನ್ನೂ ಆಡುತ್ತಿರಲಿಲ್ಲ. ಮುತ್ತತ್ತಿಗೆ 'ಹೊಳೆ ದಡದೂರು'. ಮುತ್ತೈದೆಯರಿಗೆ 'ಕುಂಕುಮದೋರು'. ಊಟಕ್ಕೆ ಹಚ್ಚುವ ಮುತ್ತುಗದ ಎಲೆಗೆ 'ಉಣ್ಣೋ ಎಲೆ'. ನಾನು ಹೊಸದಾಗಿ ಬಂದಾಗ "ಅಮ್ಮಿ, ಉಣ್ಣೋ ಎಲೆ ತತ್ತಾ" ಎಂದಳು. ನಾನು ಹಿತ್ತಲಿಗೆ ಹೋಗಿ ಮಡಿಲ ತುಂಬ ಅಣ್ಣೆಸೊಪ್ಪು ಕಿತ್ತುಕೊಂಡು ಬಂದೆ. ನೆಂಟರು ನೆಲಕ್ಕೆ ಕೂತಿದ್ದಾರೆ, ಎಲೆ ಇಲ್ಲ.

"ಅಯ್ಯೋ ಗೂಬೆ! ಉಣ್ಣೋ ಎಲೆ ಅಂದ್ರೆ ಸೊಪ್ಪ ತಂದವ್ಳಲ್ಲಾ! ಇದ ಹಾಸ್ಕಂಡು ಉಣ್ಣಾಕೆ ಅವ್ರೇನು ಮೇಕೆಗಳಾ?"

ಗಂಡನನ್ನು ಊಟಕ್ಕೆ ಕರೆಯುವುದು ಹೇಗೆ? ಬದುವಿನ ಮೇಲೆ ನಿಂತು ಎತ್ತಿನ ಹೆಸರು ಕೂಗುತ್ತಿದ್ದಳಂತೆ, "ಕರಿಯಾ" ಎಂದು. ಎತ್ತೂ ತಿರುಗುತ್ತಿತ್ತು, ಮಾವನೂ ತಿರುಗುತ್ತಿದ್ದ. ಇದನ್ನು ಹೇಳುವಾಗ ಮಾತ್ರ ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಒಂದು ದಿನ ಅತ್ತೆಯೂ ನಾನೂ ಮಳವಳ್ಳಿ ಸಂತೆಗೆ ಹೋದೆವು. ಅಲ್ಲಿ ವೀಳ್ಯದೆಲೆ ಮಾರುವವಳೊಬ್ಬಳು ಅತ್ತೆಯ ತವರಿನ ಕಡೆಯವಳು. ಕಂಡ ತಕ್ಷಣ ಮುಖ ಊದಿಸಿಕೊಂಡಳು.

"ಏನವ್ವಾ, ಹೊಲ ಮಾರ್ಬುಟ್ಯಂತೆ? ನಮ್ಗೆಲ್ಲ ಯಾಕ್ ಯೋಳೀಯೆ ಬುಡು."

"ಯಾವ ಬೇವರ್ಸಿ ಯೋಳಿದ್ದು ನಿಂಗೆ?"

"ಯೋಳೋದೇನು, ನಾನೇ ನೋಡುದ್ನಲ್ಲ. ನಿನ್ ಭಾವನ ಗಾಡೀಲಿ ಬಂದು ಕಚೇರಿ ತಾವ ಇಳುದೆ. ಮಕದ ಮ್ಯಾಲೆ ಸೆರಗ ಎಳ್ಕಂಡಿದ್ದೆ. ಕೂಗುದ್ರೆ ತಿರುಗ್ ಕೂಡ ನೋಡ್ನಿಲ್ಲ. ನಾಲೆ ನೀರು ಕುಡ್ದು ಕೊಬ್ಬು ಬಂದದೆ ಅಂದ್ಕಂಡೆ."

"ನಾನು ಸುಗ್ಗಿ ಆದ್ಮೇಲೆ ಈ ಕಡೀಕೆ ತಲೇನೆ ಆಕಿಲ್ಲ ಕಣೆ!"

ಎಲೆಯವಳ ಕೈ ನಿಂತುಹೋಯಿತು. "ಅಂಗಾರೆ ಇಳ್ದೋಳು ಯಾರೆ?"

ಅತ್ತೆ ಕುಕ್ಕರುಗಾಲಲ್ಲಿ ಕೂತುಬಿಟ್ಟಳು. ನನ್ನನ್ನು ನೋಡಿ, "ನಾನು ಇಲ್ಲೇ ಇವ್ನಿ. ಇನ್ನೊಬ್ಳು ನಾನಾಗಿ ಓಡಾಡ್ತಾವ್ಳಲ್ಲ ಕಣಮ್ಮಿ" ಎಂದಳು. ದೆವ್ವ ಕಂಡವಳ ಮುಖ. ಎದ್ದವಳೇ ನೇರ ಕಚೇರಿಗೆ ನಡೆದಳು.

ಕಾಗದ ರಿಜಿಸ್ಟರ್ ಮಾಡುವ ಸಾಹೇಬರು ಮೈಸೂರಿನ ಕಡೆಯವರು, ಕೆಟ್ಟವರಲ್ಲ. ಕೇಳಿದರು, ಕಾಗದ ತೆಗೆಸಿ ನೋಡಿದರು. ಮುತ್ತಯ್ಯನ ಹೆಂಡತಿ ಬಂದು, ಇಬ್ಬರು ಸಾಕ್ಷಿಗಳ ಮುಂದೆ ತನ್ನ ಹೊಲವನ್ನು ಗಂಡನ ಅಣ್ಣನಿಗೆ ಮಾರಿದ್ದಾಗಿ ಒಪ್ಪಿ ಹೆಬ್ಬೆಟ್ಟು ಒತ್ತಿ ಹೋಗಿದ್ದಾಳೆ.

"ಆಯಮ್ಮ ಬಂದು ಹೋದರಲ್ಲಮ್ಮ. ನೀವು ಯಾರು?"

"ಆಯಮ್ಮ ನಾನೇ ಸ್ವಾಮಿ."

"ಅವರೂ ಹಾಗೇ ಅಂದರು."

ಅತ್ತೆಯ ಹೆಸರು ಹೇಳಿ, ಅತ್ತೆಯ ಹೆಬ್ಬೆಟ್ಟಿನ ಜಾಗದಲ್ಲಿ ತನ್ನದನ್ನು ಒತ್ತಿ ಹೋದವಳೇ ಈಗ ಕಾಗದದ ಪ್ರಕಾರ ಅಸಲಿ. ಅತ್ತೆ ಬೆರಳು ಒತ್ತಿದರೆ ಅದು ತಾಳೆಯಾಗುವುದಿಲ್ಲ, ಆಗ ಅತ್ತೆಯೇ ಕಳ್ಳಿ. ಕಂಗೆಟ್ಟುಹೋದೆ ನಾನು. ಸಾಹೇಬರು ಒಂದು ದಿನ ಗೊತ್ತುಮಾಡಿ ಎರಡು ಕಡೆಯವರನ್ನೂ ಕರೆಸುತ್ತೇನೆ ಎಂದರು.

ದೊಡ್ಡಮಾವನಿಗೆ ಹೆದರಿ ಊರಲ್ಲಿ ಒಬ್ಬರೂ ಸಾಕ್ಷಿಗೆ ಬರಲಿಲ್ಲ. ಎಲೆಯವಳು ಕೂಡ "ನಾನು ಸೆರಗ ಕಂಡೆ, ಮಕ ಕಾಣ್ನಿಲ್ಲ. ನಂಗ್ಯಾಕವ್ವ ಕಚೇರಿ" ಎಂದು ಜಾರಿಕೊಂಡಳು. ಗೊತ್ತುಮಾಡಿದ ದಿನ ಹೋದದ್ದು ಅತ್ತೆ, ನನ್ನ ಗಂಡ, ನಾನು. ಮಗನೇ ಬಂದು 'ಇವಳು ನನ್ನವ್ವ' ಎಂದರೆ ಸಾಲದೇ? ಸಾಲಲಿಲ್ಲ. ದೊಡ್ಡಮಾವ ಎದ್ದು ನಿಂತು, "ಸ್ವಾಮಿ, ಈ ಹೈದ ದಾರೀಲಿ ಓಗೋ ಯಾವ್ದೋ ಮುಂಡೇನ ಅವ್ವ ಅಂತ ಕರ್ಕಂಡು ಬಂದವ್ನೆ. ಅವ್ನವ್ವ ಇಗೋ, ಇಲ್ಲವ್ಳೆ" ಎಂದು ಪಕ್ಕದಲ್ಲಿ ಸೆರಗು ಹೊದ್ದು ಕೂತಿದ್ದವಳನ್ನು ತೋರಿಸಿದ. ಹಲಗೂರಿನ ಆಚೆಯ ಯಾವುದೋ ಊರಿನ ಬಡ ವಿಧವೆ. ನಮ್ಮತ್ತೆಯಷ್ಟೇ ಎತ್ತರ, ಅಂಥದೇ ಬಿಳಿ ಸೀರೆ. ಕೈಯಲ್ಲಿ ಬಳೆ ಇಲ್ಲ, ಹಣೆಯಲ್ಲಿ ಕುಂಕುಮ ಇಲ್ಲ. ಗಂಡ ಸತ್ತವಳ ಮೈಮೇಲೆ ಗುರುತು ಅಂತ ಏನು ಉಳಿಸುತ್ತಾರೆ ಹೇಳಿ. ಎಲ್ಲರೂ ಒಂದೇ ಥರ ಕಾಣುತ್ತೇವೆ.

ಸಾಹೇಬರು ಇಬ್ಬರಿಗೂ ಹೆಸರು ಕೇಳಿದರು. ಇಬ್ಬರೂ ಒಂದೇ ಹೆಸರು ಹೇಳಿದರು. ಗಂಡನ ಹೆಸರೇನು ಎಂದರು.

"ಮುತ್ತಯ್ಯ ಸ್ವಾಮಿ" ಎಂದಳು ಅವಳು. ನೀರು ಕುಡಿದ ಹಾಗೆ.

ಸಾಹೇಬರು ನಮ್ಮತ್ತೆಯ ಕಡೆ ತಿರುಗಿದರು. "ನೀವು ಹೇಳಿ."

ಅತ್ತೆ ನೆಲ ನೋಡಿದಳು. "ಹೊಳೆ ದಡದ ದೇವ್ರ ಎಸ್ರು ಸ್ವಾಮಿ."

"ಯಾವ ಹೊಳೆ? ಯಾವ ದೇವರು?"

"ಅದೇ ಸ್ವಾಮಿ, ಮೂಗ್ನತ್ತಿಗೆ ಇಕ್ಕಿರ್ತಾರಲ್ಲ, ಬೆಳ್ಳಗೆ, ಗುಂಡ್ಗೆ…"

"ಒಗಟು ಬೇಡಮ್ಮ. ಹೆಸರು."

ದೊಡ್ಡಮಾವ ತೊಡೆ ತಟ್ಟಿಕೊಂಡು ನಕ್ಕ. "ನೋಡುದ್ರಾ ಸ್ವಾಮಿ! ಕಟ್ಕಂಡೋನ ಎಸ್ರೇ ಗೊತ್ತಿಲ್ಲ ಇವ್ಳಿಗೆ!"

ಅವನಿಗೆ ಗೊತ್ತಿತ್ತು, ಇವಳು ಸತ್ತರೂ ಆ ಹೆಸರು ಹೇಳುವುದಿಲ್ಲ ಎಂದು. ಅದನ್ನು ನಂಬಿಕೊಂಡೇ ಅವನು ಈ ಆಟ ಕಟ್ಟಿದ್ದ. ನಾವು ಯಾವುದನ್ನು ಮರ್ಯಾದೆ ಎಂದು ಕಾಪಾಡಿಕೊಂಡು ಬಂದಿದ್ದೆವೋ ಅದಕ್ಕೇ ಕನ್ನ ಹಾಕಿದ್ದ.

ನಾನು ಅವಳ ಪಕ್ಕದಲ್ಲೇ ಇದ್ದೆ. ಸಾಹೇಬರು ಲೇಖನಿ ತೆಗೆದುಕೊಂಡರು. ನನ್ನ ಗಂಡ "ಅವ್ವಾ, ಯೋಳವ್ವಾ, ಹೊಂಗೆ ಬುಡ ಓಯ್ತದೆ ಕಣವ್ವಾ" ಎಂದ, ಅಳುತ್ತಾ.

ಅತ್ತೆ ಎದ್ದಳು. ಸಾಹೇಬರ ಕಡೆ ನೋಡಲಿಲ್ಲ. ಬಾಗಿಲ ಕಡೆ ತಿರುಗಿ, ಹೊಲದ ಆ ತುದಿಯಲ್ಲಿ ಯಾರೋ ಇದ್ದಾರೆ ಅನ್ನುವ ಹಾಗೆ, ಉದ್ದಕ್ಕೆ ಕೂಗಿದಳು.

"ಮುತ್ತಯ್ಯಾ…"

ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಿರಲಿಲ್ಲ ಅದು. ಕರೆದ ಹಾಗಿತ್ತು. ಹೊರಗೆ ಜಗುಲಿಯಲ್ಲಿ ಕೂತಿದ್ದವರು ಎದ್ದು ನೋಡಿದರು. ಕೂಗಿ ಆದ ಮೇಲೆ ಅವಳು ಬಾಗಿಲನ್ನೇ ನೋಡುತ್ತಾ ನಿಂತಳು, ಬರುವುದು ಯಾಕೆ ತಡವಾಯಿತು ಎನ್ನುವ ಹಾಗೆ.

ಆಗ ಆ ಇನ್ನೊಬ್ಬಳು ಸೆರಗು ಸರಿಸಿದಳು. ಮುಖ ಬೆವೆತಿತ್ತು. "ಸ್ವಾಮಿ, ಅದು ಆಯಮ್ಮನ ಗಂಡನ ಎಸ್ರು. ನಂದಲ್ಲ" ಎಂದಳು.

"ಏ, ಬಾಯ್ಮುಚ್ಲೇ!" ಎಂದ ದೊಡ್ಡಮಾವ.

"ನೀನ್ ಮುಚ್ಚು. ನಂಗೂ ಒಬ್ಬ ಇದ್ದ. ಅವ್ನೆಸ್ರ ನಾನು ಇನ್ನೂ ಯೋಳಿಲ್ಲ. ಇವ್ನು ಸೀರೆ ಕೊಡ್ಸ್ತೀನಿ, ಮಕ್ಳಿಗೆ ರಾಗಿ ಕೊಡ್ತೀನಿ ಅಂದ ಸ್ವಾಮಿ. ಎಸ್ರು ತಾನೆ, ಅದ್ರಲ್ಲೇನದೆ ಅಂದ್ಕಂಡೆ. ಅವ್ವ ಕೂಗುದ್ದು ಕೇಳಿದ್ಮೇಲೆ ನನ್ ಕೈಲಾಗಾಕಿಲ್ಲ."

ಆ ಕಾಗದ ನಿಲ್ಲಲಿಲ್ಲ. ಹೊಲ ಉಳಿಯಿತು. ದೊಡ್ಡಮಾವ ಆಮೇಲೆ ತಲೆ ತಗ್ಗಿಸಿಕೊಂಡು ಬಾಳಿದ ಎಂದು ಬರೆದರೆ ಓದುವವರಿಗೆ ಸಮಾಧಾನವಾದೀತು. ಸುಳ್ಳು. ಚೆನ್ನಾಗಿಯೇ ಮೀಸೆ ತಿರುವಿಕೊಂಡು ಓಡಾಡಿದ. ಆ ಹೆಂಗಸನ್ನು ಅತ್ತೆ ಕಚೇರಿಯ ಹೊರಗೆ ಹಿಡಿದು ನಿಲ್ಲಿಸಿದಳು. ಬಾರಿಸುತ್ತಾಳೆ ಎಂದುಕೊಂಡೆ. "ಮಕ್ಳೆಷ್ಟು?" ಎಂದು ಕೇಳಿದಳು. ಆಮೇಲೆ, "ನನ್ನೆಸ್ರು ಬುಟ್ಬುಡು. ನಿನ್ನೆಸ್ರ ಕಾಪಾಡ್ಕೊ. ಇವತ್ತು ನನ್ನ ಮಾರಿದ್ಯ, ನಾಳೆ ನಿನ್ನ ಇನ್ಯಾವಳೋ ಮಾರ್ತಾಳೆ" ಎಂದು ಬುತ್ತಿಯ ಗಂಟನ್ನು ಅವಳ ಕೈಗೆ ತುರುಕಿ ಬಂದಳು. ನಾವು ಮೂವರೂ ಹಸಿದುಕೊಂಡು ಗಾಡಿ ಹತ್ತಿದೆವು.

ದಾರಿಯಲ್ಲಿ ಸಣ್ಣಗೆ, ಬಾಯಲ್ಲಿ ಬೆಲ್ಲ ಇಟ್ಟುಕೊಂಡು ಕರಗಿಸುವ ಹಾಗೆ, "ಮುತ್ತಯ್ಯ" ಎಂದಳು. ಇನ್ನೊಂದು ಸಲ ಎಂದಳು. ನನ್ನ ಗಂಡ ಹಿಂದಕ್ಕೆ ತಿರುಗದೆ ಎತ್ತು ಹೊಡೆದುಕೊಂಡು ಹೋದ.

"ಇಷ್ಟು ವರ್ಸ ಒಗ್ತನ ಮಾಡುದ್ರೂ ಒಂದ್ಸಲಾನೂ ಎಸ್ರ ಹಿಡ್ದು ಕರೀಲಿಲ್ಲ ಕಣಮ್ಮಿ. ಕರುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂದ್ರು. ಕರೀದೇ ಇದ್ರೂವೆ ಓಗ್ಬುಟ್ಟ."

ಅವಳ ಮಂಡಿಯ ಮೇಲೆ ಕೈಯಿಟ್ಟೆ. ತಳ್ಳಿಬಿಟ್ಟಳು. ಸ್ವಲ್ಪ ದೂರ ಹೋದ ಮೇಲೆ ತಾನೇ ನನ್ನ ಕೈ ಹಿಡಿದುಕೊಂಡಳು.

ಅವತ್ತಿನಿಂದ ಅವಳು ಬೇರೆ ಹೆಂಗಸು. ಮಾರನೆಯ ಬೆಳಿಗ್ಗೆ ನಾನು ಕೊಟ್ಟಿಗೆ ಗುಡಿಸುತ್ತಿದ್ದರೆ ಬಂದು ಎದುರಿಗೆ ನಿಂತಳು. "ನಿನ್ ಗಂಡನ ಎಸ್ರೇನು? ಯೋಳು."

ನಾನು ಪೊರಕೆ ಹಿಡಿದುಕೊಂಡು ನಿಂತೆ. "ಅಯ್ಯಪ್ಪಾ, ಬ್ಯಾಡ ಕಣತ್ತೆಮ್ಮ."

"ಯೋಳ್ದೆ ಇದ್ರೆ ಮುದ್ದೆ ಇಲ್ಲ ಇವತ್ತು."

ಹಸುವಿನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದೆ. "ಹಸೂಗಲ್ಲ ಕಣೆ ಮೂದೇವಿ, ನಂಗೆ ಕೇಳಂಗೆ!" ಎಂದಳು. ಗಟ್ಟಿಯಾಗಿ ಹೇಳಿದೆ. ಒಳಗೆ ಉಣ್ಣುತ್ತಿದ್ದ ನನ್ನ ಗಂಡನಿಗೆ ಮುದ್ದೆ ನೆತ್ತಿಗೆ ಹತ್ತಿ ಕೆಮ್ಮಿದ್ದೇ ಕೆಮ್ಮಿದ್ದು. ಊರ ಹೆಂಗಸರು ನಮ್ಮ ಮನೆಯನ್ನು ಆಡಿಕೊಂಡರು. "ಗಂಡನ ತಿನ್ಕಂಡೋಳು ಸೊಸೇಗೂ ಅದ್ನೇ ಕಲಿಸ್ತಾವ್ಳೆ" ಎಂದ ಒಬ್ಬಳ ಮನೆಯ ಮುಂದೆ ನಿಂತು ಅತ್ತೆ ಏನು ಬೈದಳು ಎಂಬುದನ್ನು ಇಲ್ಲಿ ಬರೆಯಲಾಗುವುದಿಲ್ಲ.

ನಾನು ಮರೆತಿದ್ದ ಅಕ್ಷರಗಳನ್ನು ಬೂದಿಯಲ್ಲಿ ಬರೆಸಿ ಸೈ ಮಾಡುವುದನ್ನು ರೂಢಿ ಮಾಡಿಸಿದಳು. ತನಗೆ ಓದು ಬಾರದು. ಆದರೂ ಪಕ್ಕದಲ್ಲಿ ಕೂತು, "ನೆನ್ನೆ ಬರೆದಂಗಿಲ್ಲ ಬಾಲ" ಎಂದು ತಪ್ಪು ಹಿಡಿಯುತ್ತಿದ್ದಳು. ಕಣಿ ಹೇಳುವವಳು ಬಂದು "ಮನೇಲಿ ಎಷ್ಟು ಜನ ತಾಯಿ, ಯಾರ್ಯಾರ ಎಸ್ರೇನು" ಎಂದರೆ, "ಕಣಿ ಯೋಳೋಳು ನೀನು, ನೀನೇ ಯೋಳು" ಎಂದು ಅಟ್ಟುತ್ತಿದ್ದಳು. ಮೊದಲಾದರೆ ಹೆಂಗಸರು ದಾರಿಯಲ್ಲಿ ಹೋಗುವವರಿಗೂ ಯಾರ ಮಗಳು, ಯಾವೂರಿಗೆ ಕೊಟ್ಟಿದೆ, ಗಂಡ ಎಲ್ಲಿ ಹೋಗಿದ್ದಾನೆ ಎಲ್ಲ ಒಪ್ಪಿಸಿ ಕಳಿಸುತ್ತಿದ್ದೆವು. ಅವಳು ಒಂದೇ ಮಾತು ಹೇಳಿಕೊಟ್ಟಳು: "ಕೇಳ್ದೋನ್ನ ಮೊದ್ಲು ಕೇಳು."

ಯುದ್ಧದ ಕೊನೆಗೆ ರೇಷನ್ನಿಗಾಗಿ ಹೆಸರು ಬರೆದುಕೊಳ್ಳಲು ಒಬ್ಬ ಬಂದ. ಅತ್ತೆ ಹೆಬ್ಬೆಟ್ಟು ಮಡಿಸಿಕೊಂಡು ಜಗುಲಿಗೆ ಬಂದಳು.

"ಮೊದ್ಲು ನೀನ್ಯಾರು ಯೋಳಪ್ಪ. ಯಾರ ಮಗ? ಯಾರ್ ಕಳ್ಸವ್ರೆ?"

"ಸರ್ಕಾರದವನು ಕಣಮ್ಮ ನಾನು!"

"ಸರ್ಕಾರಕ್ಕೆ ಅಪ್ಪ ಅಮ್ಮ ಇಲ್ವಾ? ಪಟೇಲರ ಕರ್ಕಂಡು ಬಾ. ಅವ್ರು ನಿನ್ನ ಇವ್ನೇ ಅಂದ್ರೆ ನಾನು ನನ್ನ ಯಾರು ಅಂತ ಯೋಳ್ತೀನಿ."

ಬಿಸಿಲಲ್ಲಿ ಹೋಗಿ ಪಟೇಲರನ್ನು ಕರೆದುಕೊಂಡೇ ಬಂದ. ಅವನು ತಂದಿದ್ದ ಪಟ್ಟಿಯಲ್ಲಿ ಮಾವನ ಹೆಸರು ಇನ್ನೂ ಬದುಕಿದವರ ಜೊತೆಯಲ್ಲಿತ್ತು. ಸಕ್ಕರೆಗೆ ಆಗ ಬಲು ಬರ. ಮಂಡ್ಯದ ಸಕ್ಕರೆ ಕಾರ್ಖಾನೆ ಹತ್ತಿರವಿದ್ದರೂ ನಮಗೆ ಸಿಗುತ್ತಿದ್ದದ್ದು ಹಿಡಿಯಷ್ಟು. ಇರಲಿ ಬಿಡು, ಒಂದು ಪಾಲು ಜಾಸ್ತಿ ಬರುತ್ತದೆ ಎಂದು ನನ್ನ ಗಂಡ ಕಣ್ಣು ಮಿಟುಕಿಸಿದ. ಅತ್ತೆ, "ಹೊಡ್ದಾಕಪ್ಪ ಅದ. ಅವ್ನು ಹೊಂಗೆ ಬುಡದಲ್ಲಿ ಮಲಗವ್ನೆ. ಅವ್ನೆಸ್ರ ಯೋಳ್ಕಂಡು ಇನ್ಯಾವನೋ ಉಣ್ಣಾದು ಬ್ಯಾಡ, ನಾನೂ ಉಣ್ಣಾಕಿಲ್ಲ" ಎಂದಳು. ಅವನು ಗೀಟು ಎಳೆದ. ಗೀಟು ಎಳೆಯುವುದನ್ನು ನೋಡುತ್ತಾ ನಿಂತವಳು ಒಳಗೆ ಬಂದು ಅವತ್ತು ಉಣ್ಣಲಿಲ್ಲ. ಎರಡನೇ ಸಲ ಮಣ್ಣು ಮಾಡಿದ ಹಾಗಾಯಿತೋ ಏನೋ.

ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ಅವಳಿಗೂ ಚಳಿಜ್ವರ ಹಿಡಿಯಿತು. ಹೆಚ್ಚು ನರಳಲಿಲ್ಲ. ಹೊಂಗೆಯ ಬುಡದಲ್ಲಿ ಮಾವನ ಮಗ್ಗುಲಿಗೇ ಮಲಗಿಸಿದೆವು. ಮಣ್ಣು ಬೇರೆಯವರದಾಗಿರಲಿಲ್ಲ, ಯಾರನ್ನೂ ಕೇಳಬೇಕಾಗಲಿಲ್ಲ.

ತಿಥಿಯೆಲ್ಲ ಮುಗಿದ ಮೇಲೆ ಹೊಲವನ್ನು ಮಗನ ಹೆಸರಿಗೆ ಮಾಡಲು ಶಾನುಭೋಗರು ಬಂದು ಜಗುಲಿಯಲ್ಲಿ ಕೂತರು. "ತೀರಿಕೊಂಡವರ ಹೆಸರು?" ಎಂದರು. ನೆರೆಹೊರೆಯವರು ಊರಲ್ಲಿ ಅವಳನ್ನು ಕೂಗುತ್ತಿದ್ದ ಮುದ್ದಿನ ಹೆಸರು ಹೇಳಿದರು. "ಅದಲ್ಲ, ಕಾಗದದಲ್ಲಿರುವುದು" ಎಂದರು. ಯಾರಿಗೂ ಗೊತ್ತಿಲ್ಲ. ನನ್ನ ಗಂಡ ತಲೆ ಕೆರೆದುಕೊಂಡು, "ಅವ್ವನ್ನ ಅವ್ವ ಅಂತಿದ್ದೋ ಸ್ವಾಮಿ" ಎಂದ. ಕಚೇರಿಯಲ್ಲಿ ಕೇಳಿದ್ದವನೇ, ಗಾಬರಿಯಲ್ಲಿ ಮರೆತಿದ್ದ. ಗುಂಪಿನಲ್ಲಿ ಕೂತಿದ್ದ ದೊಡ್ಡಮಾವ ಗಂಟಲು ಸರಿಮಾಡಿಕೊಂಡ.

ಅವನು ಬಾಯಿ ತೆಗೆಯುವ ಮುಂಚೆ ನಾನು ಒಳಗಿನಿಂದ ಬಂದು ಹೊಸಲಿನ ಮೇಲೆ ನಿಂತು ಆ ಹೆಸರು ಹೇಳಿದೆ. ಅವಳಪ್ಪನ ಹೆಸರು, ಗಂಡನ ಹೆಸರು, ತವರೂರು, ಎಲ್ಲ ಹೇಳಿದೆ.

"ಏನಮ್ಮಾ, ಅತ್ತೆ ಮಾವನ ಹೆಸರು ಸೊಸೆ ಹೇಳೋದಾ?" ಎಂದು ಶಾನುಭೋಗರು ಕನ್ನಡಕ ಎತ್ತಿದರು.

"ನಾನ್ ಯೋಳ್ದಿದ್ರೆ ಇನ್ಯಾರೋ ಯೋಳ್ತಾರೆ ಸ್ವಾಮಿ. ಬರ್ಕಳಿ" ಎಂದೆ.

ಬರೆದುಕೊಂಡರು. ಓದಿಸಿ ಕೇಳಿದೆ. ಪಟೇಲರ ಕೈಯಲ್ಲಿ ಇನ್ನೊಂದು ಸಲ ಓದಿಸಿದೆ. ಆಮೇಲೆ ಒಳಗೆ ಬಂದು ಒಲೆಯ ಮುಂದೆ ಕೂತೆ. ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳೋಣವೆಂದರೆ ಬೈಯುವುದಕ್ಕೆ ಅವಳಿರಲಿಲ್ಲ.

ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೇಳಬೇಕಾದವರು ಕೇಳಿದ್ದಾಯಿತು, ಹೇಳಬೇಕಾದಲ್ಲಿ ಹೇಳಿದ್ದಾಯಿತು. ಈಗ ನನ್ನ ಹೆಸರನ್ನು ಆಸ್ಪತ್ರೆಯಲ್ಲಿ ಕೂಗುತ್ತಾರೆ, ಬ್ಯಾಂಕಿನಲ್ಲಿ ಕೂಗುತ್ತಾರೆ, ನಾನು ಎದ್ದು ಹೋಗಿ ಸೈ ಮಾಡುತ್ತೇನೆ. ಅದೆಲ್ಲ ಅವಳು ಕೊಟ್ಟದ್ದು. ಆದರೆ 'ಅಮ್ಮಿ' ಎಂದು ಕರೆಯುವವರು ಇಲ್ಲ. ಬೇರೆ ಯಾರಾದರೂ ಹಾಗೆ ಕರೆದರೆ ನಾನು ತಿರುಗುವುದೂ ಇಲ್ಲ.